ಇಪ್ಪತ್ತರಿಂದ ಇನ್ನೂರು: ಗಾಸ್‌ಪೋರ್ಟ್ ಆಸ್ಪತ್ರೆಯ ಕಥೆ (ಐದು ಕಂತು ಒಟ್ಟಿಗೆ)

1

ಹೋದ ಸಲ ನಮ್ಮ ವಾರ್ಡಿನ ಮಾರ್ಫಿನ್ ಕಪಾಟಿನ ಬಗ್ಗೆ ಬರೆದಿದ್ದೆ. ಗೋಡೆಗೆ ಜಡಿದ ಕಬ್ಬಿಣದ ಕಪಾಟು, ಬೀಗದ ಕೈ ಶಿಫ್ಟಿನ ಇನ್‌ಚಾರ್ಜ್ ನರ್ಸ್ ಹತ್ತಿರ. ಒಂದು ಆಂಪೂಲ್ ತೆಗೆಯಬೇಕಾದರೂ ಇಬ್ಬರು ನಿಂತು ಎಣಿಸಬೇಕು, ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಬೇಕು. ಅದನ್ನು ಓದಿದ ಗೆಳತಿಯೊಬ್ಬಳು ಹಾಸನದಿಂದ ಫೋನ್ ಮಾಡಿದಳು. ಅವಳೂ ನರ್ಸೇ, ನಾವಿಬ್ಬರೂ ಒಂದೇ ಹಾಸ್ಟೆಲಿನಲ್ಲಿ ಓದಿದವರು. "ಇಷ್ಟೆಲ್ಲ ಬೀಗ, ಇಷ್ಟೆಲ್ಲ ಸಹಿ ಇದ್ರೆ ನಿಮ್ಮಲ್ಲಿ ತಪ್ಪೇ ಆಗಲ್ಲ ಬಿಡೇ" ಅಂದಳು.

ನಾನು ಹೂಂ ಅನ್ನಲಿಲ್ಲ. ಯಾಕೆಂದರೆ ಇದೇ ಇಂಗ್ಲೆಂಡಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಬೀಗವೂ ಇತ್ತು, ಸಹಿಯೂ ಇತ್ತು, ಡಾಕ್ಟರು ಬರೆದ ಚಾರ್ಟೂ ಇತ್ತು. ಆದರೂ 1989ರಿಂದ 2000ದವರೆಗೆ 456 ಜನ ರೋಗಿಗಳ ಆಯಸ್ಸು, ಬೇಕಿಲ್ಲದ ಮಾರ್ಫಿನ್ ಜಾತಿಯ ಔಷಧದಿಂದ ಮೊಟಕಾಯಿತು. ಈ ಸಂಖ್ಯೆ ಯಾವುದೋ ಪತ್ರಿಕೆಯವರು ಊಹಿಸಿದ್ದಲ್ಲ. ಸರ್ಕಾರವೇ ನೇಮಿಸಿದ ಸ್ವತಂತ್ರ ಸಮಿತಿ ಹತ್ತು ಲಕ್ಷಕ್ಕೂ ಹೆಚ್ಚು ಪುಟದ ದಾಖಲೆ ನೋಡಿ 2018ರ ಜೂನ್ 20ರಂದು ಕೊಟ್ಟ ವರದಿಯಲ್ಲಿ ಇರುವುದು. ಕೇಸ್ ಶೀಟ್ ಕಳೆದುಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಸುಮಾರು 200 ಜನ ಸೇರಬಹುದು ಅಂತಲೂ ಅದೇ ವರದಿ ಹೇಳುತ್ತದೆ.

ಗಾಸ್‌ಪೋರ್ಟ್ ಇರುವುದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಪೋರ್ಟ್ಸ್‌ಮತ್ ಬಂದರಿನ ಆಚೆ ದಡದಲ್ಲಿ. ನೌಕಾಪಡೆಯ ಊರು. ಪೋರ್ಟ್ಸ್‌ಮತ್ತಿನಿಂದ ಫೆರಿ ಹತ್ತಿದರೆ ಕೆಲವೇ ನಿಮಿಷ. ಮೊದಲನೇ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಆಸ್ಪತ್ರೆ ಅದು, 1923ರಲ್ಲಿ ಬಾಗಿಲು ತೆರೆಯಿತು. ಹಾಗಾಗಿ ಹೆಸರೇ ಗಾಸ್‌ಪೋರ್ಟ್ ವಾರ್ ಮೆಮೋರಿಯಲ್ ಹಾಸ್ಪಿಟಲ್. ವಾರ್ಡುಗಳಿಗೂ ನೌಕಾನೆಲೆಗಳ ಹೆಸರು: ಡೀಡಲಸ್, ಡ್ರಯಡ್, ಸುಲ್ತಾನ್. ದೊಡ್ಡ ಆಪರೇಷನ್, ಎಮರ್ಜೆನ್ಸಿ ಅಲ್ಲಿ ಇಲ್ಲ. ನಮ್ಮ ಕಡೆಯ ತಾಲ್ಲೂಕು ಆಸ್ಪತ್ರೆಯ ಹಾಗೆ ಊರವರೆಲ್ಲ 'ನಮ್ಮ ಆಸ್ಪತ್ರೆ' ಅನ್ನುವಂಥದ್ದು. ಬೇರೆ ಕಡೆ ಸೊಂಟದ ಆಪರೇಷನ್ ಆದ ಅಜ್ಜಿಯರು, ಲಕ್ವ ಹೊಡೆದ ತಾತಂದಿರು ನಡೆಯಲು ಮತ್ತೆ ಕಲಿಯುವುದಕ್ಕೆ ಅಲ್ಲಿಗೆ ಬರುತ್ತಿದ್ದರು. ಮನೆಯಲ್ಲಿ ನೋಡಿಕೊಳ್ಳುವವರಿಗೆ ಸುಸ್ತಾದಾಗ ಎರಡು ವಾರ ಇದ್ದು ಹೋಗುವವರೂ ಇದ್ದರು.

ಅಂದರೆ ಅವರಲ್ಲಿ ಎಷ್ಟೋ ಜನ ಸಾಯಲು ಬಂದವರಲ್ಲ. ಮುಂದಿನದನ್ನು ಓದುವಾಗ ಇದೊಂದು ನೆನಪಿರಲಿ.

2

ಔಷಧದ ಕಥೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಮಾರ್ಫಿನ್ ಅಂದರೇನೇ ವಿಷ ಅಂತ ಯಾರಾದರೂ ತಿಳಿದಾರು. ಆ ತಪ್ಪು ತಿಳಿವಳಿಕೆಯ ಬೆಲೆಯನ್ನು ನಮ್ಮ ಮನೆಯಲ್ಲೇ ತೆತ್ತಿದ್ದೇವೆ. ಅದನ್ನು ಕೊನೆಗೆ ಹೇಳುತ್ತೇನೆ.

ಗಾಸ್‌ಪೋರ್ಟಿನಲ್ಲಿ ಬಳಸಿದ್ದು ಡಯಾಮಾರ್ಫಿನ್. 1874ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ರೈಟ್ ಎಂಬ ರಸಾಯನಶಾಸ್ತ್ರಜ್ಞ ಮೊದಲು ತಯಾರಿಸಿದ್ದು. 1898ರಲ್ಲಿ ಬೇಯರ್ ಕಂಪನಿ ಅದಕ್ಕೆ 'ಹೆರಾಯಿನ್' ಅಂತ ಹೆಸರಿಟ್ಟು ಕೆಮ್ಮಿನ ಔಷಧವಾಗಿ ಮಾರಿತು. ಹೌದು, ಅದೇ ಹೆರಾಯಿನ್. ಬೇರೆ ದೇಶಗಳು ಹೆಚ್ಚುಕಡಿಮೆ ಎಲ್ಲವೂ ಇದನ್ನು ಆಸ್ಪತ್ರೆಯಿಂದ ಹೊರಗೆ ಹಾಕಿದವು. ಬ್ರಿಟನ್ ಮಾತ್ರ ಇಟ್ಟುಕೊಂಡಿತು. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಆಂಪೂಲ್ ಮೇಲಿನ ಹೆಸರು ನೋಡಿ, ಅದೇನೆಂದು ತಿಳಿದು ಬೆಚ್ಚಿಬಿದ್ದಿದ್ದೆ.

ಇಟ್ಟುಕೊಂಡದ್ದಕ್ಕೆ ಒಳ್ಳೆಯ ಕಾರಣವೂ ಇತ್ತು. ಅದು ಬಹಳ ಸ್ವಲ್ಪ ನೀರಿನಲ್ಲೇ ಕರಗುತ್ತದೆ. ಹಾಗಾಗಿ ಒಣಗಿ ಎಲುಬಾಗಿರುವ ಕ್ಯಾನ್ಸರ್ ರೋಗಿಯ ಚರ್ಮದಡಿ ಚಿಕ್ಕ ಸೂಜಿಯಲ್ಲಿ ಕೊಡಬಹುದು. ಹೀಗೆ ಕೊಡುವ ಶಿಸ್ತನ್ನು ಕಟ್ಟಿದವರಲ್ಲಿ ಮೊದಲ ಹೆಸರು ಸಿಸಿಲಿ ಸಾಂಡರ್ಸ್ ಅವರದು. ಆಕೆ ಮೊದಲು ನರ್ಸ್, ಬೆನ್ನುನೋವಿನಿಂದ ನರ್ಸಿಂಗ್ ಬಿಟ್ಟು ಆಸ್ಪತ್ರೆಯ ಸಮಾಜಸೇವಕಿಯಾದರು, ಆಮೇಲೆ ಓದಿ 1957ರಲ್ಲಿ ಡಾಕ್ಟರಾದರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಅವರು ಕಲಿಸಿದ್ದು ಸರಳ: ನೋವು ಎದ್ದು ರೋಗಿ ಕೂಗುವವರೆಗೆ ಕಾಯಬೇಡಿ, ಹೊತ್ತುಹೊತ್ತಿಗೆ ಕೊಡಿ. ಸ್ವಲ್ಪದಿಂದ ಶುರುಮಾಡಿ, ರೋಗಿಯನ್ನು ನೋಡಿ, ಕೇಳಿ, ಬೇಕಾದಷ್ಟೇ ಏರಿಸಿ.

ಎರಡನೆಯದು ಸಿರಿಂಜ್ ಡ್ರೈವರ್. ಟಾರ್ಚಿನಷ್ಟು ಉದ್ದದ, ಬ್ಯಾಟರಿ ಹಾಕುವ ಯಂತ್ರ. ತುಂಬಿದ ಸಿರಿಂಜನ್ನು ಅದರ ಮೇಲೆ ಕಟ್ಟಿದರೆ ದಿನವಿಡೀ ಸ್ವಲ್ಪಸ್ವಲ್ಪವೇ ತಳ್ಳುತ್ತಾ ಇರುತ್ತದೆ. ಮಾರ್ಟಿನ್ ರೈಟ್ ಎಂಬ ವೈದ್ಯ 1970ರ ದಶಕದಲ್ಲಿ ಮಾಡಿದ್ದು. ಆಸ್ತಮಾ ರೋಗಿಗಳು ಊದುವ ಪೀಕ್ ಫ್ಲೋ ಮೀಟರ್ ಮಾಡಿದ್ದೂ ಇವರೇ. ತಲಸ್ಸೀಮಿಯ ಇರುವ ಮಕ್ಕಳ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣದ ಅಂಶ ತೆಗೆಯುವ ಔಷಧ ಕೊಡಲೆಂದು ಹುಟ್ಟಿದ ಯಂತ್ರ. 1979ರ ಹೊತ್ತಿಗೆ ಕ್ಯಾನ್ಸರಿನ ಕೊನೆಯ ದಿನಗಳ ರೋಗಿಗಳಿಗೂ ಬಳಕೆಗೆ ಬಂತು. ನಾಲ್ಕು ಗಂಟೆಗೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ಹಿಂಸೆ ತಪ್ಪಿತು. ನಾನು ಎಷ್ಟೋ ಜನರಿಗೆ ಹಾಕಿದ್ದೇನೆ. ರಾತ್ರಿಯೆಲ್ಲ ನರಳಿದವರು ಬೆಳಗ್ಗೆ ಮಗಳ ಕೈಹಿಡಿದು ಟೀ ಕೇಳಿದ್ದನ್ನು ನೋಡಿದ್ದೇನೆ.

ಇನ್ನು ಲೆಕ್ಕ. ಚರ್ಮದಡಿ ಕೊಡುವ 1 ಮಿಲಿಗ್ರಾಂ ಡಯಾಮಾರ್ಫಿನ್, ಬಾಯಿಂದ ಕುಡಿಯುವ ಸುಮಾರು 3 ಮಿಲಿಗ್ರಾಂ ಮಾರ್ಫಿನ್ನಿಗೆ ಸಮ. ಹಿಂದೆಂದೂ ಮಾರ್ಫಿನ್ ಮುಟ್ಟದ ವಯಸ್ಸಾದವರಿಗೆ ನಿಜವಾಗಿಯೂ ಬೇಕಿದ್ದರೆ ನಾವು ದಿನಕ್ಕೆ 5 ಅಥವಾ 10 ಮಿಲಿಗ್ರಾಂನಿಂದ ಶುರುಮಾಡುತ್ತೇವೆ.

ಗಾಸ್‌ಪೋರ್ಟಿನ ಚಾರ್ಟುಗಳಲ್ಲಿ ಮತ್ತೆಮತ್ತೆ ಕಾಣಿಸುವ ಬರಹ ಹೀಗೆ: ಡಯಾಮಾರ್ಫಿನ್, 24 ಗಂಟೆಗೆ, 20ರಿಂದ 200 ಮಿಲಿಗ್ರಾಂ. ಜೊತೆಗೆ ಮಿಡಜೋಲಾಮ್ 20ರಿಂದ 80. ಇದನ್ನು ರೋಗಿ ವಾರ್ಡಿಗೆ ಬಂದ ದಿನವೇ ಬರೆದಿಟ್ಟಿರುತ್ತಿದ್ದರು, ಮುಂದೆ ಬೇಕಾದೀತು ಅಂತ. ಇಪ್ಪತ್ತು ಎಲ್ಲಿ, ಇನ್ನೂರು ಎಲ್ಲಿ. ಹತ್ತು ಪಟ್ಟು. ಯಾವಾಗ ಶುರುಮಾಡಬೇಕು, ಎಷ್ಟಕ್ಕೆ ಏರಿಸಬೇಕು ಅನ್ನುವುದು ಆ ಹೊತ್ತಿಗೆ ಡ್ಯೂಟಿಯಲ್ಲಿದ್ದ ನರ್ಸಿನ ಕೈಗೆ ಬಂತು.

ಮುಂಚಿತವಾಗಿ ಬರೆದಿಡುವುದೇ ತಪ್ಪಲ್ಲ. ಅಂಥ ಚಿಕ್ಕ ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರ್ ಇರುವುದಿಲ್ಲ. ಸಾವಿನಂಚಿನ ರೋಗಿಗೆ ನಡುರಾತ್ರಿ ನೋವು ಬಂದರೆ ಬೆಳಗಿನವರೆಗೆ ಕಾಯಿಸುವುದೂ ಕ್ರೌರ್ಯವೇ. ಇವತ್ತಿಗೂ ಕೊನೆಯ ದಿನಗಳ ರೋಗಿಯ ಮನೆಯಲ್ಲಿ ಇಂಥ ಔಷಧದ ಪೆಟ್ಟಿಗೆ ಇಟ್ಟಿರುತ್ತೇವೆ, ಸಣ್ಣ ಡೋಸಿನದು, ಯಾವ ಲಕ್ಷಣಕ್ಕೆ ಎಷ್ಟು ಅಂತ ಬರೆದದ್ದು. ಆದರೆ ನಡೆಯಲು ಕಲಿಯಲಿಕ್ಕೆ ಬಂದ ಅಜ್ಜಿಗೆ, ಪ್ಯಾರಾಸಿಟಮಾಲ್ ಸಾಕಾಗುವ ನೋವಿಗೆ, ಬಂದ ದಿನವೇ ಹೀಗೆ ಬರೆಯುವುದೆಂದರೆ ಏನು? ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ನೋವಿನ ಔಷಧಕ್ಕೆ ಮೂರು ಮೆಟ್ಟಿಲು ಹಾಕಿಕೊಟ್ಟಿತ್ತು: ಮೊದಲು ಪ್ಯಾರಾಸಿಟಮಾಲ್ ತರಹದ್ದು, ಆಮೇಲೆ ಕೋಡೀನ್ ತರಹದ್ದು, ಅದೂ ಆಗದಿದ್ದರೆ ಮಾರ್ಫಿನ್. ಇಲ್ಲಿ ಕೆಳಗಿನ ಮೆಟ್ಟಿಲನ್ನೇ ಹತ್ತದೆ ಅಟ್ಟಕ್ಕೆ ಹಾರಿದ್ದರು.

3

ಈ ಕಂತು ಬರೆಯಲಿಕ್ಕೇ ನಾನು ಈ ಕಥೆ ಎತ್ತಿಕೊಂಡದ್ದು. ಬೇರೆಯವರು ಗಾಸ್‌ಪೋರ್ಟ್ ಬಗ್ಗೆ ಬರೆದಾಗ ಡಾಕ್ಟರಿಂದ ಶುರುಮಾಡುತ್ತಾರೆ. ನನಗೆ 1991 ಮುಖ್ಯ.

ಆಸ್ಪತ್ರೆಗೆ ಸೇರಿದ ರೆಡ್‌ಕ್ಲಿಫ್ ಅನೆಕ್ಸ್ ಅಂತ ಒಂದು ಪ್ರತ್ಯೇಕ ಚಿಕ್ಕ ಕಟ್ಟಡ ಇತ್ತು, ವಯಸ್ಸಾದವರ ವಾರ್ಡು. ಅಲ್ಲಿನ ನೈಟ್ ಡ್ಯೂಟಿ ನರ್ಸುಗಳಿಗೆ 1991ರ ಫೆಬ್ರವರಿ ಹೊತ್ತಿಗೆ ಅನುಮಾನ ಬಂತು. ಹಗಲು ಎಷ್ಟೋ ಜನ ಬಂದು ಹೋಗುತ್ತಾರೆ, ರಾತ್ರಿ ರೋಗಿ ಮತ್ತು ನಾವು ಮಾತ್ರ. ಯಾರು ನೋವಿಗೆ ನರಳುತ್ತಿದ್ದಾರೆ, ಯಾರು ನರಳುತ್ತಿಲ್ಲ ಅನ್ನುವುದು ರಾತ್ರಿಯವರಿಗೆ ಗೊತ್ತಾದಷ್ಟು ಇನ್ಯಾರಿಗೂ ಗೊತ್ತಾಗುವುದಿಲ್ಲ. ನೈಟ್ ಮಾಡಿದವರು ಯಾರಿದ್ದರೂ ಒಪ್ಪುತ್ತಾರೆ.

ಜುಲೈನಲ್ಲಿ ಮೇಲಧಿಕಾರಿ ಸಭೆ ಕರೆದರು. ಆ ಸಭೆಯ ಟಿಪ್ಪಣಿ ಇವತ್ತಿಗೂ ಇದೆ. ನರ್ಸುಗಳು ಹೇಳಿದ್ದರ ಸಾರ ನನ್ನ ಮಾತಿನಲ್ಲಿ: ಡಯಾಮಾರ್ಫಿನ್ ಕೊಡುತ್ತಿರುವ ಎಲ್ಲರಿಗೂ ನೋವಿಲ್ಲ. ಬೇರೆ ನೋವಿನ ಔಷಧ ಯೋಚಿಸುವುದೇ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಪದ್ಧತಿಯನ್ನು ಬಳಸುವುದೇ ಇಲ್ಲ. ರೋಗಿ ಯಾರು, ಅವರಿಗೆ ಏನು ಬೇಕು ಅಂತ ನೋಡದೆ ಎಲ್ಲರಿಗೂ ಒಂದೇ ಔಷಧ. ಕೆಲವರು ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿರುತ್ತಾರೆ. ಸಾವು ಕೆಲವೊಮ್ಮೆ ಅನಗತ್ಯವಾಗಿ ಬೇಗ ಬರುತ್ತಿದೆ.

ಈ ಕೊನೆಯ ವಾಕ್ಯವನ್ನು ನಾನು ಎಷ್ಟು ಸಲ ಓದಿದ್ದೇನೋ. ಒಬ್ಬ ಸ್ಟಾಫ್ ನರ್ಸ್ ತನ್ನ ಮೇಲಧಿಕಾರಿಯ ಎದುರು ಕೂತು, ನಮ್ಮ ವಾರ್ಡಿನಲ್ಲಿ ಸಾವು ಬೇಗ ಬರುತ್ತಿದೆ ಅಂತ ಹೇಳಿ, ಅದು ಬರಹದಲ್ಲಿ ದಾಖಲಾಗಿದೆ. 1991ರ ಜುಲೈ. ಇದಕ್ಕಿಂತ ಸ್ಪಷ್ಟವಾಗಿ ಏನು ಹೇಳಬೇಕಿತ್ತು?

ಆಸ್ಪತ್ರೆಯವರು ಮಾಡಿದ್ದು ನೋಡಿ. ಆಗಸ್ಟಿನಲ್ಲಿ ಹೊರಗಿನಿಂದ ಒಬ್ಬರನ್ನು ಕರೆಸಿ ನೋವಿನ ಔಷಧದ ಬಗ್ಗೆ ಪಾಠ ಮಾಡಿಸಿದರು. ಅಂದರೆ ತೊಂದರೆ ಔಷಧದಲ್ಲಿಲ್ಲ, ನರ್ಸುಗಳ ತಿಳಿವಳಿಕೆಯಲ್ಲಿದೆ ಅಂತ. ನರ್ಸುಗಳು ಸುಮ್ಮನಾಗಲಿಲ್ಲ, ಅಕ್ಟೋಬರಿನಲ್ಲಿ ತರಬೇತಿ ವಿಭಾಗದ ಇನ್ನೊಬ್ಬರ ಹತ್ತಿರ ಹೇಳಿಕೊಂಡರು. ನವೆಂಬರಿನಲ್ಲಿ ಒಂದು ಮೆಮೊ ಬಂತು: ಯಾವ ರೋಗಿಗೆ ತಪ್ಪಾಗಿ ಡಯಾಮಾರ್ಫಿನ್ ಕೊಟ್ಟಿದ್ದಾರೆ ಅಂತ ನಿಮಗೆ ಅನ್ನಿಸುತ್ತದೋ ಅವರ ಹೆಸರು ಬರೆದುಕೊಡಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಅದರೊಳಗಿನ ಮುಳ್ಳು ಕಾಣುತ್ತದೆ. ಆ ಹೆಸರಿನ ರೋಗಿಗೆ ಸೂಜಿ ಹಾಕಿದ್ದು ಯಾರು? ನಾನೇ. ನನ್ನ ಸಹಿ ಅಲ್ಲಿದೆ. ಹೆಸರು ಬರೆದರೆ ಮೊದಲು ಸಿಕ್ಕಿಬೀಳುವವಳು ನಾನು. ನರ್ಸುಗಳು ಬೇರೆಬೇರೆ ಹೆಸರು ಕೊಡುವ ಬದಲು, ಒಟ್ಟಾರೆ ನಿಯಮವೊಂದನ್ನು ಮಾಡಿ ಎಂದು ಕೇಳುತ್ತಿದ್ದರು. ಅವರ ಬೆನ್ನಿಗೆ ನರ್ಸುಗಳ ಸಂಘವಾದ ರಾಯಲ್ ಕಾಲೇಜ್ ಆಫ್ ನರ್ಸಿಂಗಿನ ಸ್ಥಳೀಯ ಪ್ರತಿನಿಧಿಯೂ ನಿಂತರು.

ಡಿಸೆಂಬರಿನಲ್ಲಿ ಕೊನೆಯ ಸಭೆ. ಈ ಸಲ ನರ್ಸುಗಳ ಎದುರಿಗೆ ಆ ಔಷಧ ಬರೆಯುತ್ತಿದ್ದ ಡಾಕ್ಟರೂ ಕೂತಿದ್ದರು, ಕನ್ಸಲ್ಟೆಂಟೂ ಕೂತಿದ್ದರು. ನೀವು ಈ ವಿಷಯ ಎತ್ತಿದ ರೀತಿಯಿಂದ ಜನರಿಗೆ ಬೆದರಿಕೆ ಹಾಕಿದಂತಾಗಿದೆ, ಡಾಕ್ಟರಿಗೆ ಒತ್ತಡವಾಗಿದೆ ಅನ್ನುವ ಮಾತು ಬಂತು. ಮುಂದೆ ಏನಾದರೂ ಅನುಮಾನವಿದ್ದರೆ ಮೊದಲು ಆ ಡಾಕ್ಟರನ್ನೇ ಅಥವಾ ವಾರ್ಡ್ ಸಿಸ್ಟರನ್ನೇ ಕೇಳಿ ಅಂತ ಹೇಳಿ ಮುಗಿಸಿದರು.

ಸೊಸೆ ಅತ್ತೆಯ ಮೇಲೆ ದೂರು ಹೇಳಿದರೆ, ಹೋಗಿ ಅತ್ತೆಯನ್ನೇ ಕೇಳು ಅಂದ ಹಾಗಾಯಿತು.

1992ರ ಜನವರಿಗೆ ಆ ದನಿ ನಿಂತುಹೋಯಿತು. ಆ ನರ್ಸುಗಳಲ್ಲಿ ಒಬ್ಬರು ಪತ್ರ, ಮೆಮೊ, ಸಭೆಯ ಟಿಪ್ಪಣಿ ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಹಾಕಿ ಇಟ್ಟುಕೊಂಡರು. ಅದು ಹೊರಗೆ ಬಂದದ್ದು 2002ರಲ್ಲಿ. ಹನ್ನೊಂದು ವರ್ಷ ಆ ಕಾಗದ ಹಾಗೇ ಕೂತಿತ್ತು. 456 ಜನರಲ್ಲಿ ಬಹುಪಾಲು ಸತ್ತದ್ದು ಆ ಡಿಸೆಂಬರ್ ಸಭೆಯ ನಂತರ.

ನರ್ಸುಗಳೆಲ್ಲ ಹೂವು, ಡಾಕ್ಟರೊಬ್ಬರೇ ಮುಳ್ಳು ಅಂತ ನಾನು ಹೇಳುತ್ತಿಲ್ಲ. 2018ರ ವರದಿಯೂ ಹಾಗೆ ಹೇಳುವುದಿಲ್ಲ. ಔಷಧ ಬರೆದವರು ಕ್ಲಿನಿಕಲ್ ಅಸಿಸ್ಟೆಂಟ್, ಊರಿನ ಜಿಪಿ, ದಿನಕ್ಕೆ ಸ್ವಲ್ಪ ಹೊತ್ತು ಆಸ್ಪತ್ರೆಗೆ ಬರುವವರು. ಮೇಲಿನ ಕನ್ಸಲ್ಟೆಂಟುಗಳಿಗೆ ಆ ಚಾರ್ಟು ಕಾಣುತ್ತಿತ್ತು, ತಡೆಯಲಿಲ್ಲ. ಔಷಧ ಕಳಿಸಿದ ಫಾರ್ಮಸಿಯವರಿಗೆ ಎಷ್ಟು ಆಂಪೂಲ್ ಹೋಗುತ್ತಿದೆ ಅಂತ ಗೊತ್ತಿತ್ತು, ಪ್ರಶ್ನಿಸಲಿಲ್ಲ. ನರ್ಸುಗಳು ಸಿರಿಂಜ್ ತುಂಬಿದರು. ಆ ಡಾಕ್ಟರ ಹೆಸರು ಎಲ್ಲ ಪತ್ರಿಕೆಯಲ್ಲೂ ಬಂದಿದೆ, ನಾನು ಬೇಕೆಂದೇ ಬರೆದಿಲ್ಲ. ಒಂದು ಹೆಸರು ಹೇಳಿದ ಕೂಡಲೇ ನಮಗೆಲ್ಲ ಸಮಾಧಾನವಾಗಿಬಿಡುತ್ತದೆ, ಉಳಿದವರು ಕಣ್ಣಿಗೆ ಬೀಳುವುದಿಲ್ಲ. ಪೊಲೀಸರು ಮಾಡಿದ್ದೂ ಅದೇ ತಪ್ಪು.

4

ಗ್ಲಾಡಿಸ್ ರಿಚರ್ಡ್ಸ್ ಅವರಿಗೆ 91 ವರ್ಷ. ನೆನಪು ಮಾಸಿತ್ತು. 1998ರಲ್ಲಿ ಬಿದ್ದು ಸೊಂಟ ಮುರಿಯಿತು. ಗಾಸ್‌ಪೋರ್ಟಿನಲ್ಲೇ ಇದ್ದ ಹಾಸ್ಲರ್ ಎಂಬ ನೌಕಾಪಡೆಯ ಹಳೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅಲ್ಲಿಂದ ಬಂದ ಪತ್ರದಲ್ಲಿ, ಕಾಲೂರಿ ನಿಲ್ಲುತ್ತಾರೆ, ವಾಕರ್ ಹಿಡಿದು ಇಬ್ಬರು ನರ್ಸುಗಳ ಸಹಾಯದಲ್ಲಿ ನಡೆಯುತ್ತಾರೆ ಅಂತ ಬರೆದಿತ್ತು. ಆಗಸ್ಟ್ 11ರಂದು ಡೀಡಲಸ್ ವಾರ್ಡಿಗೆ ಬಂದರು.

ಅದೇ ದಿನ ಕೇಸ್ ಶೀಟಿನಲ್ಲಿ ಡಾಕ್ಟರು ಬರೆದದ್ದು: ನೋವಿರುವಂತೆ ಕಾಣುವುದಿಲ್ಲ, ಆರಾಮವಾಗಿಡಿ, ಸಾವನ್ನು ನರ್ಸುಗಳೇ ದೃಢಪಡಿಸಿದರೆ ನನ್ನ ಅಭ್ಯಂತರವಿಲ್ಲ. ನಡೆಯಲು ಕಲಿಯಲಿಕ್ಕೆ ಬಂದ ಹೆಂಗಸಿನ ಮೊದಲ ದಿನದ ಟಿಪ್ಪಣಿ ಇದು. ಚಾರ್ಟಿನಲ್ಲಿ ಅದೇ 20ರಿಂದ 200.

ಎರಡು ದಿನಕ್ಕೆ ಅವರು ಬಿದ್ದರು, ಸೊಂಟದ ಕೀಲು ತಪ್ಪಿತು. ಮತ್ತೆ ಹಾಸ್ಲರಿಗೆ ಒಯ್ದು ಸರಿಮಾಡಿಸಿ 17ಕ್ಕೆ ಕರೆತಂದರು. 18ಕ್ಕೆ ಸಿರಿಂಜ್ ಡ್ರೈವರ್ ಹಾಕಿದರು: ಡಯಾಮಾರ್ಫಿನ್ 40, ಜೊತೆಗೆ ಮಿಡಜೋಲಾಮ್, ಹ್ಯಾಲೊಪೆರಿಡಾಲ್. 21ಕ್ಕೆ ತೀರಿಕೊಂಡರು. ಸಾವಿನ ಪ್ರಮಾಣಪತ್ರದಲ್ಲಿ ಬರೆದ ಕಾರಣ ಬ್ರಾಂಕೋನ್ಯುಮೋನಿಯ.

ಇಬ್ಬರು ಹೆಣ್ಣುಮಕ್ಕಳು ಅಮ್ಮನ ಪಕ್ಕದಲ್ಲೇ ಇದ್ದರು. ಒಬ್ಬಾಕೆ ನಿವೃತ್ತ ನರ್ಸ್, ವಯಸ್ಸಾದವರ ವಾರ್ಡಿನಲ್ಲೇ ದುಡಿದವರು. ಹಾಗಾಗಿ ಏನು ನಡೆಯುತ್ತಿದೆ ಅಂತ ಅವರಿಗೆ ಕಾಣುತ್ತಿತ್ತು, ಬರೆದಿಟ್ಟುಕೊಂಡರು. ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಮಗಳು ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟರು. ಅದೇ ತಿಂಗಳು ಇಂಗ್ಲೆಂಡಿನ ಉತ್ತರದಲ್ಲಿ ಹ್ಯಾರಲ್ಡ್ ಶಿಪ್‌ಮನ್ ಎಂಬ ಡಾಕ್ಟರನ್ನು ಪೊಲೀಸರು ಹಿಡಿದಿದ್ದರು. ಅವನೂ ಬಳಸಿದ್ದು ಡಯಾಮಾರ್ಫಿನ್ನೇ, ಬೇಕೆಂದೇ ಕೊಲ್ಲಲು. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಅವನಿಗೆ ಶಿಕ್ಷೆಯಾಯಿತು. ನನಗನ್ನಿಸುವುದು, ಶಿಪ್‌ಮನ್ ಪ್ರಕರಣ ಗಾಸ್‌ಪೋರ್ಟನ್ನು ಅರ್ಥಮಾಡಿಕೊಳ್ಳಲು ಅಡ್ಡವೇ ಆಯಿತು. ಎಲ್ಲರೂ ಇನ್ನೊಬ್ಬ ಶಿಪ್‌ಮನ್ ಇದ್ದಾನೆಯೇ ಅಂತ ಹುಡುಕಿದರು. ಕೊಲ್ಲುವ ಉದ್ದೇಶವಿದ್ದ ಒಬ್ಬರು ಸಿಗದಿದ್ದಾಗ, ಏನೂ ಆಗಿಲ್ಲ ಅಂತ ಫೈಲ್ ಮುಚ್ಚಿದರು. ರೂಢಿಯೇ ಜನರನ್ನು ಕೊಲ್ಲಬಲ್ಲದು ಅಂತ ಹೊಳೆಯಲಿಲ್ಲ.

ಮುಂದಿನ ಇಪ್ಪತ್ತು ವರ್ಷವನ್ನು ಬೇಗ ಹೇಳುತ್ತೇನೆ, ಓದಲೂ ಬೇಸರ. ಪೊಲೀಸರು 1998ರಿಂದ 2006ರವರೆಗೆ ಮೂರು ಸಲ ತನಿಖೆ ಮಾಡಿದರು, ಯಾರ ಮೇಲೂ ಕೇಸು ಹೂಡಲಿಲ್ಲ. ಶಿಪ್‌ಮನ್ ಲೆಕ್ಕ ಮಾಡಿದ್ದ ಪ್ರೊಫೆಸರ್ ರಿಚರ್ಡ್ ಬೇಕರ್ ಅವರ ಕೈಯಲ್ಲೇ ಗಾಸ್‌ಪೋರ್ಟಿನ ಸಾವುಗಳ ಪರಿಶೀಲನೆ ಮಾಡಿಸಿದರು. 2003ರಲ್ಲಿ ಮುಗಿಯಿತು. ಸಾವಿಗೆ ಮುಂಚೆ ಮಾರ್ಫಿನ್ ಜಾತಿಯ ಔಷಧ ಕೊಡುವುದು ಅಲ್ಲಿ ಹೆಚ್ಚುಕಡಿಮೆ ರೂಢಿಯಾಗಿಹೋಗಿದೆ ಅಂತ ಅವರು ಬರೆದರು. ಅದನ್ನು ಪ್ರಕಟಿಸಿದ್ದು 2013ರಲ್ಲಿ, ಹತ್ತು ವರ್ಷದ ಮೇಲೆ. 2009ರಲ್ಲಿ ಹತ್ತು ಸಾವುಗಳ ಬಗ್ಗೆ ಕರೋನರ್ ವಿಚಾರಣೆ ನಡೆದು, ಐವರ ಸಾವಿಗೆ ಔಷಧವೂ ಕಾರಣ ಅಂತ ಜ್ಯೂರಿ ಹೇಳಿತು. 2010ರಲ್ಲಿ ವೈದ್ಯಕೀಯ ಮಂಡಳಿಯ ವಿಚಾರಣಾ ಸಮಿತಿ ಆ ಡಾಕ್ಟರದು ಗಂಭೀರ ವೃತ್ತಿದೋಷ ಅಂತ ತೀರ್ಮಾನಿಸಿತು, ಆದರೆ ಹೆಸರು ತೆಗೆದುಹಾಕಲಿಲ್ಲ, ಷರತ್ತು ಹಾಕಿ ಬಿಟ್ಟಿತು. 2014ರಲ್ಲಿ ಸ್ವತಂತ್ರ ಸಮಿತಿ, ಲಿವರ್‌ಪೂಲಿನ ಮಾಜಿ ಬಿಷಪ್ ಜೇಮ್ಸ್ ಜೋನ್ಸ್ ಅದರ ಅಧ್ಯಕ್ಷರು. 2018ರಲ್ಲಿ ವರದಿ ಬಂದ ದಿನ ಆರೋಗ್ಯ ಮಂತ್ರಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದರು. 2019ರಲ್ಲಿ ಬೇರೆ ಜಿಲ್ಲೆಯ ಪೊಲೀಸರಿಗೆ ವಹಿಸಿ ಹೊಸ ತನಿಖೆ ಶುರುವಾಯಿತು.

ವರದಿ ಬರುವ ಹೊತ್ತಿಗೆ ಸತ್ತವರ ಗಂಡ ಹೆಂಡತಿಯರಲ್ಲಿ ಎಷ್ಟೋ ಜನ ಇರಲಿಲ್ಲ. ಮಕ್ಕಳೇ ಮುದುಕರಾಗಿದ್ದರು. ದೂರು ಕೊಟ್ಟ ಮನೆಯವರನ್ನು ಇಷ್ಟೂ ವರ್ಷ ಕಚೇರಿಗಳು ತಲೆನೋವಿನವರು ಅನ್ನುವ ಹಾಗೆ ನಡೆಸಿಕೊಂಡಿದ್ದವು. ತಪ್ಪು ಔಷಧ ಬರೆಯುವುದರಿಂದ ಸರ್ಕಾರಕ್ಕೆ ಎಷ್ಟು ನಷ್ಟ ಅಂತ ಲೆಕ್ಕ ಹಾಕುವ ವರದಿಗಳನ್ನು ನಾನೂ ಓದುತ್ತೇನೆ. ಡಯಾಮಾರ್ಫಿನ್ ಆಂಪೂಲ್ ಬಹಳ ಅಗ್ಗದ ವಸ್ತು. ಆ ಲೆಕ್ಕದ ಪುಸ್ತಕದಲ್ಲಿ ಗಾಸ್‌ಪೋರ್ಟ್ ಕಾಣಿಸುತ್ತಲೇ ಇರಲಿಲ್ಲ. ವಯಸ್ಸಾದವರು ಬೇಗ ಸತ್ತರೆ ಹಾಸಿಗೆ ಬೇಗ ಖಾಲಿಯಾಗುತ್ತದೆ, ಯಾವ ಅಂಕಿಅಂಶದಲ್ಲೂ ಅದು ನಷ್ಟ ಅಂತ ಬರುವುದಿಲ್ಲ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ನಿಜ.

5

ಈಗ ನನ್ನದು. ಈ ದೇಶಕ್ಕೆ ಬಂದು ಎರಡನೇ ವರ್ಷ. ನೈಟ್ ಡ್ಯೂಟಿ, ಬೆಳಗಿನ ಜಾವ ಎರಡೂವರೆ. ಸೊಂಟದ ಆಪರೇಷನ್ ಆದ ಒಬ್ಬ ತಾತ, ತೂಕ ಐವತ್ತು ಕಿಲೋ ಇರಲಿಲ್ಲ. ಜೊತೆಯ ನರ್ಸ್ ಮಾರ್ಫಿನ್ ಸಿರಪ್ಪಿನ ಚಾರ್ಟು ಹಿಡಿದು ಬಂದಳು. ಡಾಕ್ಟರ ಅಕ್ಷರದಲ್ಲಿ ಹತ್ತು ಅಂತ ಇತ್ತು, ಮಿಲಿಗ್ರಾಮೋ ಮಿಲಿಲೀಟರೋ ಅನ್ನುವುದು ಗೀಚಿದ ಹಾಗಿತ್ತು. ಆ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 10 ಮಿಲಿಗ್ರಾಂ. ಹತ್ತು ಮಿಲಿಲೀಟರ್ ಕೊಟ್ಟರೆ ಔಷಧ ಎರಡರಷ್ಟಾಗುತ್ತದೆ. ಅವಳು ಹತ್ತು ಮಿಲಿಲೀಟರ್ ಅಳೆದಿದ್ದಳು. ನನಗೆ ಒಂದು ಕ್ಷಣ ಅಳುಕಿತು. ಅವಳು ನನಗಿಂತ ಹದಿನೈದು ವರ್ಷ ಹಿರಿಯಳು, ಇಲ್ಲಿಯವಳು. ನನ್ನ ಇಂಗ್ಲಿಷ್ ಆಗ ಇನ್ನೂ ತಡವರಿಸುತ್ತಿತ್ತು. ಸಹಿ ಹಾಕಿದೆ.

ನಾಲ್ಕು ಗಂಟೆಗೆ ತಾತನ ಉಸಿರು ನಿಮಿಷಕ್ಕೆ ಒಂಬತ್ತು. ಡಾಕ್ಟರನ್ನು ಕರೆದೆವು, ನಲೊಕ್ಸೋನ್ ಕೊಟ್ಟರು, ಬೆಳಗಾಗುವಷ್ಟರಲ್ಲಿ ಕಣ್ಣುಬಿಟ್ಟರು. ಹತ್ತು ದಿನದ ಮೇಲೆ ಮನೆಗೂ ಹೋದರು. ಹೋಗುವಾಗ ನನಗೆ ಚಾಕೊಲೇಟ್ ಡಬ್ಬ ಕೊಟ್ಟರು. ನನ್ನ ಕೈ ನಡುಗಿದ್ದು ಅವರಿಗೆ ಗೊತ್ತಾಗಲಿಲ್ಲ.

ಅವತ್ತು ಬೆಳಗ್ಗೆ ವರದಿ ಬರೆಯಬೇಕೋ ಬೇಡವೋ ಅಂತ ಬಟ್ಟೆ ಬದಲಿಸುವ ಕೋಣೆಯಲ್ಲಿ ಅರ್ಧ ಗಂಟೆ ಕೂತಿದ್ದೆ. ನಮ್ಮಂಥವರಿಗೆ ಕೆಲಸ ಅಂದರೆ ಬರೀ ಕೆಲಸವಲ್ಲ. ವೀಸಾ ಆಸ್ಪತ್ರೆಯ ಹೆಸರಿನಲ್ಲಿದೆ. ಕೆಲಸ ಹೋದರೆ ಮನೆ ಹೋಗುತ್ತದೆ, ಮಗುವಿನ ಶಾಲೆ ಹೋಗುತ್ತದೆ, ಊರಿನಲ್ಲಿ ಅಪ್ಪನ ಸಾಲ ಹಾಗೇ ಉಳಿಯುತ್ತದೆ. 1991ರ ನರ್ಸುಗಳು ತಮ್ಮ ಊರಿನಲ್ಲೇ, ತಮ್ಮ ಭಾಷೆಯಲ್ಲೇ, ಸಂಘದ ಬೆಂಬಲವಿದ್ದೂ ಗೆಲ್ಲಲಿಲ್ಲ. ಆಗ ನನಗೆ ಗಾಸ್‌ಪೋರ್ಟ್ ಕಥೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಬರೆಯುತ್ತಿರಲಿಲ್ಲವೋ ಏನೋ. ಹಿರಿಯ ಸಿಸ್ಟರ್ ಒಬ್ಬರು ಬಂದು ಪಕ್ಕದಲ್ಲಿ ಕೂತು, "ನೀನು ಬರೀ, ನಾನೂ ಸಹಿ ಹಾಕುತ್ತೇನೆ" ಅಂದರು. ಬರೆದೆ. ನನಗೇನೂ ಆಗಲಿಲ್ಲ. ಚಾರ್ಟಿನ ನಮೂನೆ ಬದಲಾಯಿತು, ಮಿಲಿಗ್ರಾಂ ಅಂತ ಮೊದಲೇ ಅಚ್ಚುಹಾಕಿದ್ದು ಬಂತು.

ಇವತ್ತು ಕಾನೂನು ಬದಲಾಗಿದೆ. 2006ರ ಕಾಯ್ದೆಯ ಪ್ರಕಾರ ಪ್ರತಿ ಆಸ್ಪತ್ರೆ ಸಂಸ್ಥೆಯಲ್ಲೂ ಮಾರ್ಫಿನ್‌ನಂಥ ಔಷಧಗಳಿಗೆ ಉತ್ತರ ಕೊಡಬೇಕಾದ ಒಬ್ಬ ಅಧಿಕಾರಿ ಇರಬೇಕು, ಅದು ಶಿಪ್‌ಮನ್ ವಿಚಾರಣೆಯ ಫಲ. ಸಿಬ್ಬಂದಿ ದೂರು ಹೇಳಿಕೊಳ್ಳಲು ಪ್ರತ್ಯೇಕ ಜನರಿದ್ದಾರೆ. ಇದೆಲ್ಲ ಒಳ್ಳೆಯದೇ. ಆದರೂ ಬೆಳಗಿನ ಜಾವ ಎರಡೂವರೆಗೆ ಆ ಚಾರ್ಟಿನ ಎದುರು ನಿಲ್ಲುವುದು ಇಬ್ಬರೇ.

ಕೊನೆಗೆ ಹೇಳುತ್ತೇನೆ ಅಂದದ್ದು ನಮ್ಮ ದೊಡ್ಡಮ್ಮನ ವಿಷಯ. ಗರ್ಭಕೋಶದ ಕ್ಯಾನ್ಸರ್, ಬೆನ್ನುಮೂಳೆಗೆ ಇಳಿದಿತ್ತು. ನಾನಾಗ ಇನ್ನೂ ನರ್ಸಿಂಗ್ ಓದುತ್ತಿದ್ದೆ. ಊರಿನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟದ್ದು ಡೈಕ್ಲೊಫೆನಾಕ್ ಮಾತ್ರೆ. ಮಾರ್ಫಿನ್ ಕೇಳಿದರೆ, ಅದು ನಮ್ಮಲ್ಲಿ ಇಡುವ ಹಾಗಿಲ್ಲ ಅಂದರು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್ ಮೇಲೆ ಲೈಸೆನ್ಸ್, ಕಂಬಿ ಎಣಿಸುವ ಭಯ. ಅಫೀಮು ಬೆಳೆದು ಜಗತ್ತಿಗೆ ಕಳಿಸುವ ನಮ್ಮ ದೇಶದಲ್ಲೇ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಕೇರಳದ ಕೋಯಿಕ್ಕೋಡಿನಲ್ಲಿ ಡಾ. ರಾಜಗೋಪಾಲ್ ಮತ್ತು ಜೊತೆಯವರು 1993ರಿಂದ ಹೋರಾಡಿ ದಾರಿ ತೆರೆದರು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ದೊಡ್ಡಮ್ಮನಿಗೆ ಅದು ಯಾವುದೂ ಒದಗಲಿಲ್ಲ. ದೊಡ್ಡಪ್ಪ ಎರಡು ವಾರಕ್ಕೊಮ್ಮೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಮಾತ್ರೆ ತರುತ್ತಿದ್ದರು. ತಂದದ್ದು ಮುಗಿದ ದಿನ ಅವರು ಜಗಲಿಯ ಮೇಲೆ ಕೂತು ನನ್ನನ್ನು ಕೇಳಿದ್ದರು: "ನೀನು ಓದ್ತಾ ಇದ್ದೀಯಲ್ಲ ಮಗಾ, ನೋವಿಗೆ ಔಷಧ ಇದ್ದೂ ಯಾಕೆ ಕೊಡಲ್ಲ ಇವರು?"

ದೊಡ್ಡಮ್ಮನಿಗೆ ಬರೆಯದೆ ಹೋದ ಔಷಧ, ಗ್ಲಾಡಿಸ್ ರಿಚರ್ಡ್ಸ್ ಅವರಿಗೆ ಬೇಡದೆ ಬರೆದ ಔಷಧ, ಎರಡೂ ಒಂದೇ ಜಾತಿಯದು. ಶಿಪ್‌ಮನ್ ಆದ ಮೇಲೆ ಇಂಗ್ಲೆಂಡಿನಲ್ಲೂ ಕೆಲವು ಡಾಕ್ಟರುಗಳು ಹೆದರಿ ಮಾರ್ಫಿನ್ ಬರೆಯಲು ಹಿಂದೆಗೆದರು. ಗಾಸ್‌ಪೋರ್ಟ್ ವರದಿ ಬಂದ ವಾರ ನಮ್ಮ ವಾರ್ಡಿನಲ್ಲಿ ಒಬ್ಬ ಮಗ, ನಿಜವಾಗಿಯೂ ಕೊನೆಯ ದಿನಗಳಲ್ಲಿದ್ದ ತನ್ನ ಅಮ್ಮನಿಗೆ ಸಿರಿಂಜ್ ಡ್ರೈವರ್ ಹಾಕಬೇಡಿ ಅಂತ ಹಟ ಹಿಡಿದರು. ಟಿವಿಯಲ್ಲಿ ನೋಡಿದ್ದರು. ಅವರದು ತಪ್ಪಲ್ಲ. ಆಕೆ ಹಲ್ಲು ಕಚ್ಚಿಕೊಂಡು ನರಳುತ್ತಿದ್ದರು. ನಾನು ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು, ಚಾರ್ಟು ಕೈಗೆ ಕೊಟ್ಟು, ಎಷ್ಟು ಮಿಲಿಗ್ರಾಂ, ಯಾಕೆ, ಯಾವಾಗ ನಿಲ್ಲಿಸುತ್ತೇವೆ ಅಂತ ಒಂದೊಂದೇ ಸಾಲು ಓದಿ ತೋರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅವರು ಒಪ್ಪಿದರು. 10 ಮಿಲಿಗ್ರಾಂನಿಂದ ಶುರುಮಾಡಿದೆವು.

ಮುಂದಿನ ಕಂತಿನಲ್ಲಿ ಆ ಹಳೆಯ ಸಿರಿಂಜ್ ಡ್ರೈವರಿನ ಬಗ್ಗೆಯೇ ಬರೆಯುತ್ತೇನೆ. ನೀಲಿ ಬಣ್ಣದ್ದು ಗಂಟೆಯ ಲೆಕ್ಕದ್ದು, ಹಸಿರು ಬಣ್ಣದ್ದು ದಿನದ ಲೆಕ್ಕದ್ದು, ನೋಡಲು ಎರಡೂ ಒಂದೇ ತರಹ. 2010ರಲ್ಲಿ ಅವನ್ನು ಐದು ವರ್ಷದೊಳಗೆ ತೆಗೆದುಹಾಕಿ ಅಂತ ಆದೇಶ ಬರುವವರೆಗೆ ನಾವು ಅದನ್ನೇ ಬಳಸುತ್ತಿದ್ದೆವು.